ಚಿತ್ರದ ಮುಂದೆ ನಿಂತಾಗ: ಕಲಾಪ್ರದರ್ಶನ ನೋಡುವುದು, ಅದಕ್ಕೆ ಸ್ಪಂದಿಸುವುದು ಹೇಗೆ?

ಕಲಾಪ್ರದರ್ಶನ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ‘ಚೆನ್ನಾಗಿತ್ತು’ ಎನ್ನುತ್ತಾರೆ, ಇಲ್ಲವೇ ‘ನಮಗೆ ಅದೆಲ್ಲ ಅರ್ಥವಾಗುವುದಿಲ್ಲ ಬಿಡಿ’ ಎನ್ನುತ್ತಾರೆ. ಎರಡೂ ಉತ್ತರಗಳ ಹಿಂದೆ ಬಹಳ ಸಲ ಒಂದೇ ಕಾರಣವಿರುತ್ತದೆ: ನೋಡಿದ್ದು ಸಾಲದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೋಡುಗರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ಕೃತಿಯ ಮುಂದೆ ಜನ ನಿಂತದ್ದು ಸರಾಸರಿ 27 ಸೆಕೆಂಡು ಎಂದು ಕಂಡುಬಂತು. ಅರ್ಧದಷ್ಟು ಸಲವಂತೂ 17 ಸೆಕೆಂಡಿನೊಳಗೇ ಕಾಲು ಮುಂದಕ್ಕೆ ಹೋಗಿತ್ತು. 2017ರಲ್ಲಿ ಪ್ರಕಟವಾದ, ಷಿಕಾಗೋದಲ್ಲಿ ನಡೆಸಿದ ಇಂಥದೇ ಅಧ್ಯಯನದಲ್ಲೂ ಸರಾಸರಿ ಅರ್ಧ ನಿಮಿಷ ದಾಟಲಿಲ್ಲ.

ಕಲಾವಿದರು ತಿಂಗಳುಗಟ್ಟಲೆ ಕೂತು ಮಾಡಿದ್ದಕ್ಕೆ ಅರ್ಧ ನಿಮಿಷದಲ್ಲಿ ಪ್ರತಿಕ್ರಿಯೆ ಹುಟ್ಟಬೇಕೆಂದರೆ ಎಲ್ಲಿಂದ ಹುಟ್ಟೀತು? ಕಲೆಗೆ ಸ್ಪಂದಿಸಲು ಕಲಾ ಇತಿಹಾಸ ಓದಿಕೊಂಡಿರಬೇಕಿಲ್ಲ. ಕೆಲವೇ ಕೃತಿಗಳನ್ನು ಬಹಳ ಹೊತ್ತು ನೋಡುವ ಮನಸ್ಸು ಬೇಕು. ‘ನನಗೆ ಹೀಗನಿಸಿತು’ ಎಂದಾಗಲೆಲ್ಲ ‘ಚಿತ್ರದಲ್ಲಿ ಏನು ಕಂಡು ಹಾಗನಿಸಿತು’ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಬೇಕು. ಈ ಬರಹದಲ್ಲಿರುವುದು ಆ ಅಭ್ಯಾಸದ ಹೆಜ್ಜೆಗಳು.

ಹೋಗುವ ಮುನ್ನ

ಪ್ರದರ್ಶನ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಒಬ್ಬರೇ ಕಲಾವಿದರ ಈಚಿನ ಕೆಲಸವೋ, ಹಲವರ ಸಮೂಹ ಪ್ರದರ್ಶನವೋ, ಒಬ್ಬರ ಇಡೀ ಜೀವಮಾನದ ಕೃತಿಗಳ ಸಿಂಹಾವಲೋಕನವೋ ಎಂಬುದರ ಮೇಲೆ ನೋಡುವ ರೀತಿ ಬದಲಾಗುತ್ತದೆ. ಸಿಂಹಾವಲೋಕನದಲ್ಲಿ ಕಲಾವಿದರು ಎಲ್ಲಿಂದ ಎಲ್ಲಿಗೆ ಬಂದರು ಎಂಬ ಹಾದಿಯನ್ನು ಹುಡುಕುತ್ತೇವೆ. ಸಮೂಹ ಪ್ರದರ್ಶನದಲ್ಲಿ ಇಷ್ಟು ಜನರನ್ನು ಒಂದೇ ಸೂರಿನಡಿ ತಂದದ್ದೇಕೆ ಎಂಬುದೇ ಮೊದಲ ಪ್ರಶ್ನೆ.

ಇದಕ್ಕಿಂತ ಹೆಚ್ಚು ತಯಾರಿ ಬೇಡ ಎಂಬುದು ನನ್ನ ಅಭಿಪ್ರಾಯ. ಮುಖ್ಯವಾಗಿ, ಅಲ್ಲಿರುವ ಕೃತಿಗಳ ಫೋಟೋಗಳನ್ನು ಫೋನಿನಲ್ಲಿ ಮೊದಲೇ ನೋಡಿ ಮುಗಿಸಬೇಡಿ. ಫೋಟೋ ಮೊದಲು ನುಂಗುವುದು ಅಳತೆಯನ್ನು. ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ ಕರಗುವ ಗಡಿಯಾರಗಳ ಚಿತ್ರ ಇರುವುದು 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ತೊಡೆಯ ಮೇಲಿಟ್ಟುಕೊಂಡು ನೋಡಬಹುದಾದಷ್ಟು. ಪಿಕಾಸೊ 1937ರಲ್ಲಿ ಬರೆದ ‘ಗೆರ್ನಿಕಾ’ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಅದರ ಮುಂದೆ ನಿಂತರೆ ಎರಡು ಕಣ್ಣಿಗೂ ಅಂಚು ಸಿಗುವುದಿಲ್ಲ. ಫೋನಿನ ಪರದೆಯಲ್ಲಿ ಎರಡೂ ಅಂಗೈ ಅಗಲ. ಒಂದು ಚಿತ್ರ ನಮ್ಮನ್ನು ಹತ್ತಿರ ಕರೆದು ಪಿಸುಗುಡುತ್ತದೆಯೋ ಅಥವಾ ಮೈಮೇಲೆ ಬಂದು ಆವರಿಸುತ್ತದೆಯೋ ಎಂಬುದು ಅದರ ಅರ್ಥದ ಭಾಗ.

ಉದ್ಘಾಟನೆಯ ದಿನ ಕಲಾವಿದರನ್ನು ಭೇಟಿಯಾಗಲು ಚೆನ್ನ, ಚಿತ್ರ ನೋಡಲು ಅಲ್ಲ. ಜನ ಕಡಿಮೆ ಇರುವ ಹೊತ್ತನ್ನು ಆರಿಸಿಕೊಳ್ಳಿ. ಕಾಲಿಗೆ ಹಿತವಾದ ಚಪ್ಪಲಿ ಹಾಕಿಕೊಳ್ಳಿ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ, ಬೆನ್ನುಚೀಲವನ್ನು ಹೊರಗೇ ಬಿಡಿ. ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್ ಜೊತೆಗಿರಲಿ. ಪೆನ್ನು ಬೇಡ, ಎಷ್ಟೋ ಮ್ಯೂಸಿಯಂಗಳಲ್ಲಿ ಶಾಯಿ ಸಿಡಿಯುವ ಭಯಕ್ಕೆ ಪೆನ್ಸಿಲ್ಲಿಗೆ ಮಾತ್ರ ಅನುಮತಿ. ದಣಿವಿನ ವಿಷಯ ಸಣ್ಣದಲ್ಲ. ಬಾಸ್ಟನ್ನಿನ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1916ರಲ್ಲೇ ಇದನ್ನು ‘ಮ್ಯೂಸಿಯಂ ದಣಿವು’ ಎಂದು ಕರೆದು, ವಸ್ತುಗಳನ್ನು ನೋಡಲು ಜನ ಹೇಗೆಲ್ಲ ಬಗ್ಗಬೇಕಾಗುತ್ತದೆ, ಕುಕ್ಕರುಗಾಲಲ್ಲಿ ಕೂರಬೇಕಾಗುತ್ತದೆ ಎಂಬುದನ್ನು ಫೋಟೋಗಳ ಸಮೇತ ತೋರಿಸಿದ್ದರು. ಮೈ ದಣಿದರೆ ಕಣ್ಣು ಏನನ್ನೂ ಹಿಡಿಯುವುದಿಲ್ಲ. ಒಂದೂವರೆ ಗಂಟೆ ಆದ ಮೇಲೆ ಹೊರಗೆ ಬಂದುಬಿಡಿ, ನೋಡುವುದು ಬಾಕಿ ಉಳಿದಿದ್ದರೂ ಸರಿ.

ಮೊದಲ ಸುತ್ತು: ನಿಲ್ಲದೆ ನಡೆಯಿರಿ

ಬಾಗಿಲ ಹತ್ತಿರದ ಗೋಡೆಯ ಮೇಲಿನ ಉದ್ದನೆಯ ಬರಹವನ್ನು ಈಗ ಓದಬೇಡಿ. ಮೊದಲ ಕೃತಿಯ ಮುಂದೆಯೇ ನಿಂತು, ಒಂದಾದ ಮೇಲೊಂದರಂತೆ ಸರದಿಯಲ್ಲಿ ಸಾಗಲೂ ಬೇಡಿ. ಹಾಗೆ ಮಾಡಿದರೆ ಮೊದಲ ಕೋಣೆಗೇ ಗಮನವೆಲ್ಲ ಖರ್ಚಾಗಿ, ಕೊನೆಯ ಕೋಣೆಗಳ ಮುಂದೆ ಬರೀ ನಡಿಗೆ ಉಳಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಇಡೀ ಪ್ರದರ್ಶನವನ್ನು ಒಂದು ಸುತ್ತು ಹಾಕಿ.

ಈ ಸುತ್ತಿನಲ್ಲಿ ಮೂರೇ ಮೂರು ಕೃತಿಗಳನ್ನು ಗುರುತು ಹಾಕಿಕೊಳ್ಳಿ. ಒಂದು, ದೂರದಿಂದಲೇ ನಿಮ್ಮನ್ನು ಸೆಳೆದದ್ದು. ಎರಡು, ಕಿರಿಕಿರಿ ಮಾಡಿದ್ದು ಅಥವಾ ‘ಇದೂ ಒಂದು ಕಲೆಯೇ?’ ಎನಿಸಿದ್ದು. ಮೂರು, ಕಣ್ಣಿಗೆ ಬೀಳದೆ ಹೆಚ್ಚುಕಡಿಮೆ ದಾಟಿಯೇ ಹೋಗಿದ್ದು. ಮೂರನೆಯದನ್ನು ಯಾರೂ ಆರಿಸುವುದಿಲ್ಲ, ಆದರೆ ಮೆಲುದನಿಯ ಕೃತಿಗಳು ಸಿಗುವುದು ಅಲ್ಲೇ.

ನಡೆಯುತ್ತ ನಡೆಯುತ್ತ ಕೃತಿಗಳನ್ನು ತೂಗುಹಾಕಿದ ಬಗೆಯನ್ನೂ ಗಮನಿಸಿ. ಯಾವುದರ ಪಕ್ಕ ಯಾವುದಿದೆ, ಯಾವುದಕ್ಕೆ ಒಂದಿಡೀ ಗೋಡೆ ಸಿಕ್ಕಿದೆ, ಯಾವುದನ್ನು ಮೂಲೆಯಲ್ಲಿ ಇಟ್ಟಿದ್ದಾರೆ ಎಂಬುದೆಲ್ಲ ಪ್ರದರ್ಶನವನ್ನು ರೂಪಿಸುವ ಕ್ಯುರೇಟರ್ ಯೋಚಿಸಿ ಮಾಡಿದ ಆಯ್ಕೆ. ಒಂದು ಕೋಣೆ ಉಳಿದವುಗಳಿಗಿಂತ ಮಬ್ಬಾಗಿದ್ದರೆ ಅಲ್ಲಿ ಕಾಗದದ ಮೇಲಿನ ಕೆಲಸವೋ ಜಲವರ್ಣವೋ ಬಟ್ಟೆಯೋ ಇರುವ ಸಾಧ್ಯತೆ ಹೆಚ್ಚು. ಇವುಗಳ ಬಣ್ಣ ಬೆಳಕಿಗೆ ಮಾಸುತ್ತದೆಯಾದ್ದರಿಂದ ಸಾಮಾನ್ಯವಾಗಿ 50 ಲಕ್ಸ್‌ನಷ್ಟೇ (ಲಕ್ಸ್ ಎಂದರೆ ಬೆಳಕನ್ನು ಅಳೆಯುವ ಮಾನ) ಬೆಳಕು ಇಡುತ್ತಾರೆ. ತೈಲವರ್ಣಕ್ಕೆ ಸುಮಾರು 200 ಲಕ್ಸ್‌ವರೆಗೆ ನಡೆಯುತ್ತದೆ. ಒಳಗೆ ಹೋದ ಕೂಡಲೇ ‘ಏನೂ ಕಾಣುವುದಿಲ್ಲ’ ಎಂದು ಹಿಂದಿರುಗದೆ ಕಣ್ಣು ಹೊಂದಿಕೊಳ್ಳುವವರೆಗೆ ಸ್ವಲ್ಪ ಕಾಯಿರಿ.

ಒಂದು ಕೃತಿಯ ಮುಂದೆ ಹತ್ತು ನಿಮಿಷ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಸೆಳೆದ ಕೃತಿಯ ಮುಂದೆ ಬಂದು ನಿಲ್ಲಿ. ಬೆಂಚು ಇದ್ದರೆ ಕೂರಿ. ಪಕ್ಕದ ಲೇಬಲ್ಲಿನ ಕಡೆ ಕಣ್ಣು ಹೋಗುತ್ತದೆ, ತಡೆಯಿರಿ.

ಉದಾಹರಣೆಗೆ ವಿನ್ಸೆಂಟ್ ವ್ಯಾನ್ ಗಾಗ್ 1888ರಲ್ಲಿ ಬರೆದ ಕುರ್ಚಿಯ ಚಿತ್ರವನ್ನೇ ತೆಗೆದುಕೊಳ್ಳೋಣ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಮೊದಲ ಅರ್ಧ ನಿಮಿಷದಲ್ಲಿ ಏನನಿಸಿತೋ ಅದನ್ನು ಒಂದೇ ಪದದಲ್ಲಿ ಬರೆದಿಟ್ಟುಕೊಳ್ಳಿ. ‘ಒಂಟಿತನ’ ಎಂದಿರಬಹುದು, ‘ಬೆಚ್ಚಗೆ’ ಎಂದಿರಬಹುದು, ‘ಸಾಧಾರಣ’ ಎಂದೂ ಇರಬಹುದು. ಯಾವುದೂ ತಪ್ಪಲ್ಲ. ಹತ್ತು ನಿಮಿಷದ ಕೊನೆಗೆ ಆ ಪದ ನಿಲ್ಲುತ್ತದೆಯೋ ಬದಲಾಗುತ್ತದೆಯೋ ನೋಡಬೇಕಾದ್ದರಿಂದ ಬರೆದಿಡುವುದು ಮುಖ್ಯ.

ಆಮೇಲೆ ಅಭಿಪ್ರಾಯ ಬಿಟ್ಟು ಬರೀ ಪಟ್ಟಿ ಮಾಡಿ. ಚಿತ್ರವನ್ನು ನೋಡಿಲ್ಲದ ಒಬ್ಬರಿಗೆ ಫೋನಿನಲ್ಲಿ ವಿವರಿಸುತ್ತಿದ್ದೀರಿ ಎಂದುಕೊಳ್ಳಿ. ಮರದ ಕುರ್ಚಿ, ಕೈ ಇಲ್ಲದ್ದು. ಬಣ್ಣ ಹಳದಿ. ಆಸನ ಹುಲ್ಲಿನಲ್ಲಿ ಹೆಣೆದದ್ದು. ಅದರ ಮೇಲೆ ಒಂದು ಪೈಪು, ತಂಬಾಕಿನ ಪೊಟ್ಟಣ. ಕೆಂಪು ಹೆಂಚು ಹಾಸಿದ ನೆಲ. ನೀಲಿ ಛಾಯೆಯ ಗೋಡೆ, ಬಾಗಿಲು. ಹಿಂದೆ ಒಂದು ಪೆಟ್ಟಿಗೆ, ಒಳಗೆ ಮೊಳಕೆಯೊಡೆದ ಈರುಳ್ಳಿ. ಪೆಟ್ಟಿಗೆಯ ಮೇಲೆ ‘ವಿನ್ಸೆಂಟ್’ ಎಂದು ಹೆಸರು. ಮನುಷ್ಯರು ಯಾರೂ ಇಲ್ಲ.

ಈ ಪಟ್ಟಿ ಮಾಡುವುದು ಮಕ್ಕಳಾಟದಂತೆ ಕಾಣುತ್ತದೆ. ಆದರೆ ಪೆಟ್ಟಿಗೆ, ಈರುಳ್ಳಿ, ಹೆಸರು ಇವು ಮೂರೂ ಪಟ್ಟಿ ಮಾಡದವರ ಕಣ್ಣಿಗೆ ಬೀಳುವುದು ಕಷ್ಟ. ಕಲಾ ಇತಿಹಾಸ ಕಲಿಸುವ ಹಾರ್ವರ್ಡಿನ ಜೆನ್ನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂರುವ ಕೆಲಸ ಕೊಡುತ್ತಾರೆ. ಜಾನ್ ಸಿಂಗಲ್ಟನ್ ಕಾಪ್ಲಿ 1765ರಲ್ಲಿ ಬರೆದ, ಸಾಕಿದ ಅಳಿಲಿನ ಜೊತೆ ಕೂತ ಹುಡುಗನ ಚಿತ್ರವನ್ನು ಅವರು ತಾವೇ ಹಾಗೆ ನೋಡಿದಾಗ, ಹುಡುಗನ ಕಿವಿಯ ಆಕಾರಕ್ಕೂ ಅಳಿಲಿನ ಹೊಟ್ಟೆಯ ಬಳಿಯ ತುಪ್ಪಳದ ಅಂಚಿಗೂ ಇರುವ ಹೋಲಿಕೆ ಕಂಡದ್ದು ಒಂಬತ್ತು ನಿಮಿಷವಾದ ಮೇಲೆ. ಚಿತ್ರ ನೋಡುವುದೇ ವೃತ್ತಿಯಾದವರಿಗೂ ಅಷ್ಟು ಹೊತ್ತು ಬೇಕಾಯಿತು. ನಮಗೆ ಮೂರು ಗಂಟೆ ಬೇಡ, ಹತ್ತು ನಿಮಿಷ ಸಾಕು. ಆದರೆ ಆ ಹತ್ತು ನಿಮಿಷದಲ್ಲಿ ಮೂರನೆಯ ನಿಮಿಷದ ಸುಮಾರಿಗೆ ಬೇಸರ ಬಂದೇ ಬರುತ್ತದೆ. ಎಲ್ಲವನ್ನೂ ನೋಡಿಯಾಯಿತು ಎನಿಸುತ್ತದೆ. ಅಲ್ಲಿಂದ ಆಚೆಗೇ ನಿಜವಾದ ನೋಟ ಶುರುವಾಗುವುದು, ದಯವಿಟ್ಟು ಎದ್ದು ಹೋಗಬೇಡಿ.

ಏನಿದೆ ಎಂಬುದು ಮುಗಿದ ಮೇಲೆ ಹೇಗಿದೆ ಎಂಬುದಕ್ಕೆ ಬನ್ನಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಜಾರಿತು? ಆ ದಾರಿಯನ್ನು ಹಾಕಿಕೊಟ್ಟವರು ಕಲಾವಿದರೇ. ರೇಖೆ ದಪ್ಪವೋ, ನಡುಗುತ್ತದೆಯೋ? ಯಾವ ಬಣ್ಣದ ಪಕ್ಕ ಯಾವ ಬಣ್ಣ ಕೂತಿದೆ? ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೆರಳು ಬಿದ್ದಿದೆಯೇ? ಅಂಚಿನಲ್ಲಿ ಏನು ತುಂಡಾಗಿದೆ? ಖಾಲಿ ಜಾಗ ಎಷ್ಟಿದೆ, ಎಲ್ಲಿದೆ? ನಾವು ಎಲ್ಲಿ ನಿಂತು ನೋಡುತ್ತಿದ್ದೇವೆ: ಮೇಲಿನಿಂದಲೋ, ಕೆಳಗಿನಿಂದಲೋ, ಕಿಟಕಿಯಾಚೆಯಿಂದಲೋ?

ಕುರ್ಚಿಯ ಚಿತ್ರಕ್ಕೆ ಈ ಪ್ರಶ್ನೆಗಳನ್ನು ಹಾಕಿದರೆ ಅದು ತೆರೆದುಕೊಳ್ಳುತ್ತ ಹೋಗುತ್ತದೆ. ನಾವು ಆ ಕುರ್ಚಿಯನ್ನು ನಿಂತ ಎತ್ತರದಿಂದ, ಸ್ವಲ್ಪ ಮೇಲಿನಿಂದ ನೋಡುತ್ತಿದ್ದೇವೆ. ಆಗಷ್ಟೇ ಅದರಿಂದ ಎದ್ದವರಂತೆ, ಅಥವಾ ಈಗ ಕೂರಲಿರುವವರಂತೆ. ಕುರ್ಚಿ ಚಿತ್ರವನ್ನೆಲ್ಲ ತುಂಬಿಕೊಂಡಿದೆ, ಮನುಷ್ಯರ ಭಾವಚಿತ್ರದಲ್ಲಿ ಮುಖಕ್ಕೆ ಸಿಗುವ ಜಾಗ ಅದಕ್ಕೆ ಸಿಕ್ಕಿದೆ. ನೆಲದ ಹೆಂಚುಗಳು ನಮ್ಮ ಕಡೆಗೆ ವಾಲುತ್ತವೆ. ಇಷ್ಟು ಕಂಡ ಮೇಲೆ ‘ಒಂಟಿತನ’ ಎಂದು ಬರೆದವರಿಗೆ ತಮ್ಮ ಮಾತಿಗೆ ಆಧಾರ ಸಿಗುತ್ತದೆ, ‘ಬೆಚ್ಚಗೆ’ ಎಂದವರಿಗೂ ಸಿಗುತ್ತದೆ.

ಅನುಭವಿ ಮಾರ್ಗದರ್ಶಕರು ಬಳಸುವ ಮೂರು ಪ್ರಶ್ನೆಗಳು ಇಲ್ಲಿ ತುಂಬ ಸಹಾಯಕ್ಕೆ ಬರುತ್ತವೆ. ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ ಕ್ರಮವದು: ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಹಾಗೆ ಹೇಳಲು ಏನನ್ನು ಕಂಡಿರಿ? ಇನ್ನೂ ಏನು ಕಾಣುತ್ತದೆ? ನಡುವಿನ ಪ್ರಶ್ನೆಯೇ ಜೀವಾಳ. ಅದನ್ನು ಕೇಳಿಕೊಳ್ಳುವವರು ಬಾಯಿಗೆ ಬಂದದ್ದನ್ನು ಹೇಳುವುದಿಲ್ಲ.

ಹತ್ತಿರ, ದೂರ, ಪಕ್ಕ

ಒಂದೇ ಜಾಗದಲ್ಲಿ ನಿಂತು ನೋಡಿದರೆ ಅರ್ಧ ನೋಡಿದಂತೆ. ಜಾರ್ಜ್ ಸೆರಾ ನದಿ ದಂಡೆಯ ಭಾನುವಾರವನ್ನು ಚಿತ್ರಿಸಿದ, ಷಿಕಾಗೋದಲ್ಲಿರುವ ದೊಡ್ಡ ಕ್ಯಾನ್ವಾಸು ಸುಮಾರು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ್ದು. ದೂರದಿಂದ ಅಲ್ಲಿ ಹುಲ್ಲು, ಕೊಡೆ, ನೀರು. ಹತ್ತಿರ ಹೋದರೆ ಚುಕ್ಕಿಗಳೂ ಸಣ್ಣ ಸಣ್ಣ ಗೀಟುಗಳೂ ಮಾತ್ರ. ಬಣ್ಣ ಬೆರೆಯುವುದು ಕುಂಚದಲ್ಲಿ ಅಲ್ಲ, ನೋಡುವವರ ಕಣ್ಣಿನಲ್ಲಿ.

ಹಾನ್ಸ್ ಹೊಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರದಲ್ಲಿ ಅವರ ಕಾಲಡಿ ಏನೋ ಉದ್ದನೆಯ, ಎಳೆದಂಥ ಆಕಾರವಿದೆ. ಎದುರಿನಿಂದ ಅದು ಏನೆಂದು ತಿಳಿಯುವುದಿಲ್ಲ. ಚಿತ್ರದ ಬಲಗಡೆಗೆ ಸರಿದು ಓರೆಯಾಗಿ ನೋಡಿದರೆ ತಲೆಬುರುಡೆ. ಸಂಪತ್ತು, ವಿದ್ಯೆ, ಅಧಿಕಾರ ಎಲ್ಲವನ್ನೂ ಎದುರಿಗಿಟ್ಟು ಸಾವನ್ನು ಮಾತ್ರ ಪಕ್ಕದಿಂದ ಕಾಣಿಸುವ ಈ ಜೋಡಣೆ ಕಾಲು ಕದಲಿಸದವರಿಗೆ ದಕ್ಕುವುದಿಲ್ಲ.

ಎಲ್ಲ ಚಿತ್ರದಲ್ಲೂ ಬುರುಡೆ ಅಡಗಿರುವುದಿಲ್ಲ, ನಿಜ. ಆದರೂ ಪಕ್ಕದಿಂದ ನೋಡಿದಾಗ ಬಣ್ಣದ ದಪ್ಪ ಕಾಣುತ್ತದೆ, ಕುಂಚ ಎಳೆದ ದಿಕ್ಕು ಕಾಣುತ್ತದೆ, ಮೊದಲು ಬರೆದು ಆಮೇಲೆ ಮುಚ್ಚಿದ ಗೆರೆಯ ಸುಳಿವೂ ಕೆಲವೊಮ್ಮೆ ಸಿಗುತ್ತದೆ. ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತಿದ್ದರೂ ಇದೇ ಉಪಾಯ. ಆದರೆ ಒಂದು ತೋಳಿನಷ್ಟು ಅಂತರ ಕಾಪಾಡಿಕೊಳ್ಳಿ, ವಿವರ ತೋರಿಸಲು ಪೆನ್ಸಿಲ್ ಚಾಚಬೇಡಿ. ಮುಟ್ಟಬಾರದೆಂಬ ನಿಯಮಕ್ಕೆ ಕಾರಣ ಸರಳ: ಬೆರಳಿನ ಎಣ್ಣೆ, ಉಪ್ಪು, ಬೆವರು ಲೋಹದ ಮೇಲೂ ಕಾಗದದ ಮೇಲೂ ಉಳಿದು ವರ್ಷಗಳಾದ ಮೇಲೆ ಕೊಳಕು ಮಚ್ಚೆಗಳಾಗಿ ಏಳುತ್ತವೆ.

ಈಗ ಲೇಬಲ್ ಓದಿ

ಕೊನೆಗೂ ಲೇಬಲ್ಲಿಗೆ ಬಂದೆವು. ಇಷ್ಟು ತಡ ಮಾಡಿದ್ದೇಕೆ ಎಂಬುದಕ್ಕೆ ಬ್ರಸೆಲ್ಸ್‌ನಲ್ಲಿರುವ, ಪೀಟರ್ ಬ್ರೂಗೆಲ್ಲನದೆಂದು ಬಹುಕಾಲ ನಂಬಲಾಗಿದ್ದ ಒಂದು ಚಿತ್ರಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮುಂದುಗಡೆ ನೇಗಿಲು ಹಿಡಿದ ರೈತ, ಅವನಾಚೆ ಕುರಿಗಾಹಿ, ಸಮುದ್ರ, ಹಡಗು, ದೂರದಲ್ಲಿ ಸೂರ್ಯ. ಎಲ್ಲರೂ ಅವರವರ ಕೆಲಸದಲ್ಲಿದ್ದಾರೆ. ಶೀರ್ಷಿಕೆ ಓದಿದರೆ ಅದರಲ್ಲಿ ಇಕಾರಸ್ಸನ ಪತನ ಎಂದಿದೆ! ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ, ರೆಕ್ಕೆ ಕರಗಿ ಬಿದ್ದ ಹುಡುಗನ ಗ್ರೀಕ್ ಕಥೆ. ಹುಡುಕಿದರೆ ಬಲಗಡೆ ಕೆಳಗೆ, ನೀರಿನಿಂದ ಮೇಲೆ ಎದ್ದ ಪುಟ್ಟ ಎರಡು ಕಾಲುಗಳು. ಶೀರ್ಷಿಕೆಯನ್ನು ಮೊದಲೇ ಓದಿದವರು ಕಾಲುಗಳನ್ನು ಹುಡುಕಿ, ಸಿಕ್ಕ ಮೇಲೆ ಮುಂದೆ ಹೋಗುತ್ತಾರೆ. ಮೊದಲು ಚಿತ್ರ ನೋಡಿದವರಿಗೆ ಆಗುವ ಅನುಭವವೇ ಬೇರೆ: ಒಬ್ಬ ಹುಡುಗ ಮುಳುಗುತ್ತಿದ್ದಾಗ ರೈತನಂತೆಯೇ ತಾವೂ ಅದನ್ನು ಗಮನಿಸಲಿಲ್ಲ ಎಂಬುದು ತಟ್ಟನೆ ನಾಟುತ್ತದೆ. ಚಿತ್ರ ಹೇಳುತ್ತಿರುವುದೇ ಅದನ್ನು.

ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ, ಕೃತಿ ಯಾರ ಸಂಗ್ರಹದ್ದು ಎಂಬ ವಿವರ ಇರುತ್ತವೆ. ಚಿತ್ರಗಳ ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಮಾಧ್ಯಮದ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನಾನು ಅದನ್ನೇ ಎರಡು ಸಲ ಓದಿ ಎನ್ನುತ್ತೇನೆ. ತೈಲವರ್ಣ ನಿಧಾನವಾಗಿ ಒಣಗುತ್ತದೆ, ದಿನಗಟ್ಟಲೆ ತಿದ್ದಬಹುದು. ಅಕ್ರಿಲಿಕ್ ಬೇಗ ಒಣಗುತ್ತದೆ. ಜಲವರ್ಣದಲ್ಲಿ ಬಿಳಿ ಎಂದರೆ ಬಹುಪಾಲು ಬಣ್ಣ ಹಚ್ಚದೆ ಉಳಿಸಿದ ಕಾಗದವೇ, ಅಲ್ಲಿ ಕೈತಪ್ಪಿದ್ದನ್ನು ಅಳಿಸುವುದು ಕಷ್ಟ. ಇದು ಗೊತ್ತಿದ್ದರೆ ಜಲವರ್ಣದ ಒಂದು ಬೆಳ್ಳಗಿನ ಮೋಡವನ್ನು ನೋಡುವಾಗ ಅದನ್ನು ಉಳಿಸಿಕೊಂಡ ಕೈಯ ಎಚ್ಚರವೂ ಕಾಣುತ್ತದೆ.

ವರ್ಷವೂ ಮಾತಾಡುತ್ತದೆ. ಕುರ್ಚಿಯ ಚಿತ್ರಕ್ಕೆ ಹಿಂದಿರುಗಿ. 1888ರ ಕೊನೆಯಲ್ಲಿ ಫ್ರಾನ್ಸಿನ ಆರ್ಲ್ ಎಂಬ ಊರಿನ ಮನೆಯಲ್ಲಿ ವ್ಯಾನ್ ಗಾಗ್ ಜೊತೆ ಚಿತ್ರಕಾರ ಗೆಳೆಯ ಪಾಲ್ ಗೋಗ್ಯಾನ್ ಕೂಡ ಇದ್ದ. ಅದೇ ಹೊತ್ತಿಗೆ ವ್ಯಾನ್ ಗಾಗ್ ಗೆಳೆಯನ ಕುರ್ಚಿಯನ್ನೂ ಚಿತ್ರಿಸಿದ, ಅದು ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ಅದಕ್ಕೆ ಕೈಗಳಿವೆ, ಆಸನದ ಮೇಲೆ ಪುಸ್ತಕಗಳು, ಉರಿಯುವ ಮೇಣದ ಬತ್ತಿ, ಹೊತ್ತು ರಾತ್ರಿ. ಒಂದು ಹಗಲಿನ ಕುರ್ಚಿ, ಒಂದು ಇರುಳಿನದು. ಆ ವರ್ಷದ ಡಿಸೆಂಬರ್ ಕೊನೆಗೆ ಇಬ್ಬರ ನಡುವೆ ಜಗಳವಾಗಿ ಗೋಗ್ಯಾನ್ ಹೊರಟುಹೋದ. ಇಷ್ಟು ತಿಳಿದ ಮೇಲೆ ಖಾಲಿ ಆಸನ ಇನ್ನೊಂದು ತೂಕ ಪಡೆಯುತ್ತದೆ. ಆದರೆ ಈ ಕಥೆಯನ್ನು ಮೊದಲೇ ಕೇಳಿದ್ದರೆ ಈರುಳ್ಳಿಯ ಮೊಳಕೆ ನಿಮ್ಮ ಕಣ್ಣಿಗೆ ಬೀಳುತ್ತಿತ್ತೇ? ಮಾಹಿತಿ ನೋಟವನ್ನು ಬೆಳೆಸಬೇಕು, ನೋಟದ ಜಾಗದಲ್ಲಿ ತಾನೇ ಬಂದು ಕೂರಬಾರದು.

ಗೋಡೆಬರಹದಲ್ಲಿ ಬರುವ ದೊಡ್ಡ ಮಾತುಗಳಿಗೆ ಹೆದರಬೇಡಿ. ಓದಿದ್ದು ಕೃತಿಯಲ್ಲಿ ಎಲ್ಲಿದೆ ಎಂದು ಹುಡುಕಿ. ಸಿಗದಿದ್ದರೆ ಆ ಮಾತನ್ನು ಪಕ್ಕಕ್ಕಿಡುವ ಹಕ್ಕು ನಿಮಗಿದೆ.

ಗೋಡೆಯ ಮೇಲಿಲ್ಲದವು, ಚಿತ್ರವಲ್ಲದವು

ಶಿಲ್ಪಕ್ಕೆ ಸುತ್ತು ಹಾಕಬೇಕು. ರಾಮಕಿಂಕರ್ ಬೈಜ್ 1938ರಲ್ಲಿ ಶಾಂತಿನಿಕೇತನದಲ್ಲಿ ಸಿಮೆಂಟು ಮತ್ತು ಜಂಬಿಟ್ಟಿಗೆ ಕಲ್ಲಿನ ಚೂರು ಬೆರೆಸಿ ಮಾಡಿದ ಸಂತಾಲ ಬುಡಕಟ್ಟಿನ ಕುಟುಂಬವೊಂದರ ಶಿಲ್ಪ ಎದುರಿನಿಂದ ಒಂದು ಸಂಸಾರ, ಪಕ್ಕದಿಂದ ಒಂದು ಪ್ರಯಾಣ. ಸುತ್ತುವಾಗ ಆಕಾರಗಳ ನಡುವಿನ ಖಾಲಿ ಜಾಗ ಹೇಗೆ ಬದಲಾಗುತ್ತದೆ ನೋಡಿ. ತೂಕ ಎಲ್ಲಿ ನಿಂತಿದೆ, ಮೇಲ್ಮೈ ಒರಟೋ ನುಣುಪೋ, ಕೆಳಗಿನ ಪೀಠ ಅದನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ತಂದಿದೆಯೋ ಮೇಲಕ್ಕೆತ್ತಿದೆಯೋ ಎಂಬುದನ್ನೂ ಗಮನಿಸಿ.

ಮುದ್ರಣ ಕಲೆಯ ಕೃತಿಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದ 5/30 ಎಂಬಂಥ ಸಂಖ್ಯೆ ಇರುತ್ತದೆ. ಒಟ್ಟು ಮೂವತ್ತು ಪ್ರತಿಗಳಲ್ಲಿ ಇದು ಐದನೆಯದು ಎಂದರ್ಥ. ಪ್ರತಿಯೊಂದೂ ಮೂಲಕೃತಿಯೇ, ನಕಲಲ್ಲ. ತಾಮ್ರ ಅಥವಾ ಸತುವಿನ ಫಲಕದಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ತೆಗೆದ ಎಚಿಂಗ್ ಆದರೆ ಚಿತ್ರದ ಸುತ್ತ ಫಲಕದ ಅಂಚು ಕಾಗದದಲ್ಲಿ ಒತ್ತಿದ ಗುರುತು ಕಾಣುತ್ತದೆ. ವಿಡಿಯೋ ಕೃತಿಯಾದರೆ ಅವಧಿ ಎಷ್ಟೆಂದು ಲೇಬಲ್ಲಿನಲ್ಲಿ ಮೊದಲೇ ನೋಡಿಕೊಳ್ಳಿ, ನಡುವೆ ಹೋಗಿದ್ದರೆ ಮತ್ತೆ ಶುರುವಾಗುವವರೆಗೆ ಕಾಯಿರಿ.

ಇನ್‌ಸ್ಟಲೇಶನ್, ಅಂದರೆ ಜಾಗವನ್ನೇ ಬಳಸಿಕೊಂಡು ವಸ್ತುಗಳನ್ನು ಜೋಡಿಸಿ ಮಾಡಿದ ಕೃತಿ, ಎದುರಾದಾಗ ಮಾತ್ರ ನನ್ನ ಮೊದಲಿನ ನಿಯಮವನ್ನು ಸಡಿಲಿಸುತ್ತೇನೆ, ಲೇಬಲ್ ಬೇಗ ಓದಿ. ಫೀಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಒಂದು ಕೃತಿ ಕೋಣೆಯ ಮೂಲೆಯಲ್ಲಿ ಸುರಿದ, ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ. ಅದರ ಆದರ್ಶ ತೂಕ 175 ಪೌಂಡು, ಸುಮಾರು 79 ಕಿಲೊ. ನೋಡಲು ಬಂದವರು ಒಂದೊಂದನ್ನು ತೆಗೆದುಕೊಳ್ಳಬಹುದು. ಅದು ಅವನ ಸಂಗಾತಿ ರಾಸ್‌ನ ಭಾವಚಿತ್ರ. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡ. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡ ಹಾಗೆ ರಾಶಿ ಸವೆಯುತ್ತದೆ, ಮತ್ತೆ ತುಂಬುತ್ತಾರೆ. ಇಲ್ಲಿ ಮುಟ್ಟದೆ ದೂರ ನಿಂತು ನೋಡಿದವರಿಗೆ ಕೃತಿ ಪೂರ್ತಿ ಸಿಗುವುದಿಲ್ಲ. ಏನನ್ನು ಮುಟ್ಟಬಹುದು, ಎಲ್ಲಿ ಒಳಗೆ ನಡೆಯಬಹುದು ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ದಿನವಿಡೀ ಅವೇ ಕೃತಿಗಳ ಜೊತೆ ಇರುವ ಅವರಿಗೆ ಎಷ್ಟೋ ವಿವರಗಳು ಗೊತ್ತಿರುತ್ತವೆ.

ಅರ್ಥವಾಗದ್ದು, ಇಷ್ಟವಾಗದ್ದು

ಅಮೂರ್ತ ಚಿತ್ರದ ಮುಂದೆ ನಿಂತು ‘ಇದು ಏನು?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಏನೂ ಅಲ್ಲದ, ತಾನೇ ಆಗಿರುವ ವಸ್ತುವದು. ನಸ್ರೀನ್ ಮೊಹಮದಿ (1937–1990) ಕಾಗದದ ಮೇಲೆ ಪೆನ್ಸಿಲ್ಲು, ಶಾಯಿಯಲ್ಲಿ ಎಳೆದ ಗೆರೆಗಳ ಕೃತಿಗಳಲ್ಲಿ ಹೆಚ್ಚಿನವಕ್ಕೆ ಶೀರ್ಷಿಕೆ ಇಲ್ಲ, ತಾರೀಖೂ ಇಲ್ಲ. ಹಿಡಿದುಕೊಳ್ಳಲು ಏನೂ ಇಲ್ಲವೆಂದು ಕೈಚೆಲ್ಲದೆ ಗೆರೆಗಳ ನಡುವಿನ ಅಂತರವನ್ನು ಕಣ್ಣಿನಲ್ಲಿ ಹಿಂಬಾಲಿಸಿ. ಎಲ್ಲಿ ಒತ್ತಾಗುತ್ತದೆ, ಎಲ್ಲಿ ತೆಳುವಾಗುತ್ತದೆ, ಎಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ? ಸ್ವಲ್ಪ ಹೊತ್ತಿಗೆ ಆ ಗೆರೆಗಳಿಗೊಂದು ಲಯವಿದೆ ಎನಿಸಬಹುದು. ರಾಗದ ಆಲಾಪನೆಗೆ ಸಾಹಿತ್ಯ ಬೇಕೆಂದು ನಾವು ಕೇಳುವುದಿಲ್ಲವಲ್ಲ, ಇದನ್ನೂ ಹಾಗೆಯೇ ಕೇಳಿಸಿಕೊಳ್ಳಬೇಕು. ವಿ. ಎಸ್. ಗಾಯ್ತೊಂಡೆಯವರ ಕ್ಯಾನ್ವಾಸುಗಳಲ್ಲಾದರೆ ರೋಲರ್, ಚಾಕು ಬಳಸಿ ಪದರದ ಮೇಲೆ ಪದರ ಹಚ್ಚಿದ, ಕೆರೆದ ಬಣ್ಣದ ಆಳಕ್ಕೆ ಕಣ್ಣು ನಿಧಾನವಾಗಿ ಇಳಿಯಬೇಕು.

ಇಷ್ಟವಾಗದ ಕೃತಿಯ ವಿಷಯದಲ್ಲಿ ಒಂದು ಕೋರಿಕೆ. ‘ಇದನ್ನು ನಾನೂ ಮಾಡಬಹುದಿತ್ತು’ ಎನ್ನುವ ಮುನ್ನ, ಏನು ನಿಮ್ಮನ್ನು ಕೆಣಕಿತು ಎಂದು ಗುರುತಿಸಿ. ಕೈಚಳಕ ಕಾಣಲಿಲ್ಲವೆಂದೇ? ವಿಷಯ ಹಿಡಿಸಲಿಲ್ಲವೆಂದೇ? ಬಣ್ಣ ಕಣ್ಣಿಗೆ ಚುಚ್ಚಿತೆಂದೇ? ಮಾರ್ಸೆಲ್ ದ್ಯುಶಾಂಪ್ 1917ರಲ್ಲಿ ಅಂಗಡಿಯಲ್ಲಿ ಸಿಗುವ ಮೂತ್ರದ ತೊಟ್ಟಿಯನ್ನು ಸಹಿ ಹಾಕಿ ಪ್ರದರ್ಶನಕ್ಕೆ ಕಳಿಸಿದಾಗ ಕೇಳಿದ್ದು, ಕಲೆ ಎಂದರೆ ಕೈಕೆಲಸವೋ ಆಯ್ಕೆಯೋ ಎಂಬ ಪ್ರಶ್ನೆಯನ್ನು. ಆ ಪ್ರಶ್ನೆಗೆ ‘ಕೈಕೆಲಸವೇ’ ಎಂದು ನೀವು ಉತ್ತರಿಸಬಹುದು. ಅದೂ ಗಟ್ಟಿಯಾದ ಸ್ಪಂದನೆಯೇ, ಕಾರಣ ಕೊಟ್ಟರೆ. ಹತ್ತು ನಿಮಿಷ ನೋಡಿದ ಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಬರೆಯಿರಿ. ಹೆಸರು ದೊಡ್ಡದೆಂದು ಹೊಗಳುವುದು ಕಲೆಗೂ ನಿಮಗೂ ಮಾಡುವ ಅನ್ಯಾಯ.

ಫೋನು ಮತ್ತು ಪೆನ್ಸಿಲ್

ಅನುಮತಿ ಇದ್ದರೂ ಫ್ಲ್ಯಾಷ್ ಹಾಕಬೇಡಿ. ಫೋಟೋ ತೆಗೆಯುವುದಾದರೆ ನೋಡಿ ಮುಗಿಸಿದ ಮೇಲೆ ತೆಗೆಯಿರಿ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕಲ್ ಮ್ಯೂಸಿಯಂ ಒಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುವಿನ ಪೂರ್ತಿ ಫೋಟೋ ತೆಗೆದವರಿಗೆ ಬರೀ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಒಂದು ವಿವರವನ್ನು ಹತ್ತಿರಕ್ಕೆಳೆದು ತೆಗೆದವರ ನೆನಪು ಮಾತ್ರ ಕುಂದಲಿಲ್ಲ. ಹಾಗಾಗಿ ಇಡೀ ಚಿತ್ರ ಬಿಟ್ಟು, ನಿಮ್ಮನ್ನು ಹಿಡಿದು ನಿಲ್ಲಿಸಿದ ಮೂಲೆಯೊಂದನ್ನು ಸೆರೆಹಿಡಿಯಿರಿ, ಜೊತೆಗೆ ಲೇಬಲ್ಲನ್ನೂ.

ಇದಕ್ಕಿಂತ ಒಳ್ಳೆಯದು ಪೆನ್ಸಿಲ್. ಚಿತ್ರ ಬರೆಯಲು ಬಾರದವರೂ ನೋಟ್‌ಬುಕ್ಕಿನಲ್ಲಿ ಒಂದು ಚೌಕ ಎಳೆದು ಒಳಗೆ ದೊಡ್ಡ ಆಕಾರಗಳನ್ನಷ್ಟೇ ಗುರುತಿಸಬಹುದು. ಕೈ ಆಡಿದಾಗಲೇ ‘ಅರೆ, ಈ ಗೆರೆ ಇಲ್ಲಿಗೆ ಬಂದು ಸೇರುತ್ತದೆ’ ಎಂದು ತಿಳಿಯುವುದು. ಪಕ್ಕದಲ್ಲಿ ಬಣ್ಣಗಳ ಹೆಸರು ಬರೆಯಿರಿ, ಬರೀ ‘ಹಸಿರು’ ಅಲ್ಲ: ಗಿಳಿಹಸಿರೋ, ಪಾಚಿಯದೋ, ಎಳೆ ಚಿಗುರಿನದೋ.

ಜೊತೆಗಿರುವವರೊಡನೆ ಮಾತು

ಇಬ್ಬರು ಹೋಗಿದ್ದರೆ ಮೊದಲು ಬೇರೆ ಬೇರೆಯಾಗಿ ನೋಡಿ, ಆಮೇಲೆ ಒಂದು ಕೃತಿಯ ಮುಂದೆ ಸೇರಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಚಿತ್ರದಲ್ಲಿ ಹುಡುಕಲಿ. ಅಭಿಪ್ರಾಯ ಭೇದ ಬಂದರೆ ಚರ್ಚೆ ಚಿತ್ರದ ಮುಂದೆಯೇ ಆಗಲಿ, ಕಣ್ಣೆದುರಿಗೆ ಸಾಕ್ಷಿ ಇರುತ್ತದೆ. ಮಕ್ಕಳಿಗೆ ವಿವರಿಸಲು ಹೋಗಬೇಡಿ, ಅವರನ್ನೇ ಕೇಳಿ: ‘ಈ ಚಿತ್ರದೊಳಗೆ ಹೋದರೆ ಏನು ಸದ್ದು ಕೇಳಿಸುತ್ತೆ?’ ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ.

ಕಲಾವಿದರು ಅಲ್ಲೇ ಇದ್ದರೆ ಸಂಕೋಚ ಬೇಡ. ‘ಇದರ ಅರ್ಥವೇನು?’ ಎಂಬ ಪ್ರಶ್ನೆ ಅವರಿಗೆ ಸುಸ್ತು ತರುತ್ತದೆ. ‘ಈ ಮೂಲೆಯನ್ನು ಖಾಲಿ ಬಿಟ್ಟಿರಲ್ಲ, ಮೊದಲಿಂದ ಹಾಗೇ ಇತ್ತಾ, ಆಮೇಲೆ ಅಳಿಸಿದಿರಾ?’ ಎಂದು ಕೇಳಿ ನೋಡಿ, ಮುಖ ಅರಳುತ್ತದೆ. ತಮ್ಮ ಕೆಲಸವನ್ನು ಯಾರೋ ನಿಜವಾಗಿ ನೋಡಿದ್ದಾರೆ ಎಂದು ತಿಳಿಯುವುದಕ್ಕಿಂತ ದೊಡ್ಡ ಮೆಚ್ಚುಗೆ ಅವರಿಗಿಲ್ಲ. ಹೊರಗಿನ ಅಭಿಪ್ರಾಯ ಪುಸ್ತಕಕ್ಕೂ ಇದೇ ಮಾತು. ‘ಅದ್ಭುತ, ಶುಭವಾಗಲಿ’ ಎಂಬುದು ಪುಟದ ತುಂಬ ಇರುತ್ತದೆ. ಒಂದು ಕೃತಿಯ ಹೆಸರು, ಅದರಲ್ಲಿ ಕಂಡ ಒಂದು ವಿವರ, ಅದು ನಿಮಗೆ ಮಾಡಿದ್ದೇನು ಎಂದು ಎರಡೇ ಸಾಲು ಬರೆಯಿರಿ.

ಮನೆಗೆ ಬಂದು ಬರೆಯುವುದು

ಅದೇ ದಿನ ಬರೆಯಿರಿ, ಮರುದಿನಕ್ಕೆ ಬಣ್ಣಗಳು ಕದಡುತ್ತವೆ. ಎಡ್ಮಂಡ್ ಫೆಲ್ಡ್‌ಮನ್ ಎಂಬ ಕಲಾಶಿಕ್ಷಕರು ಹಾಕಿಕೊಟ್ಟ ನಾಲ್ಕು ಮೆಟ್ಟಿಲುಗಳ ಕ್ರಮ ಹೊಸಬರಿಗೆ ಒಳ್ಳೆಯ ಆಸರೆ: ವಿವರಣೆ, ವಿಶ್ಲೇಷಣೆ, ಅರ್ಥೈಸುವಿಕೆ, ತೀರ್ಮಾನ. ನಾವು ಸಾಮಾನ್ಯವಾಗಿ ನಾಲ್ಕನೆಯದರಿಂದ ಶುರುಮಾಡುತ್ತೇವೆ, ಎಡವುವುದೂ ಅಲ್ಲೇ.

ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ಮೂವರು ಹುಡುಗಿಯರ ಚಿತ್ರದ ಬಗ್ಗೆ ಒಬ್ಬರು ‘ಭಾವಪೂರ್ಣ ಚಿತ್ರ, ಹೆಣ್ಣಿನ ನೋವನ್ನು ಮನಮುಟ್ಟುವಂತೆ ತೋರಿಸಿದ್ದಾರೆ’ ಎಂದು ಬರೆಯಬಹುದು. ತಪ್ಪಿಲ್ಲ, ಆದರೆ ಈ ವಾಕ್ಯವನ್ನು ನೂರು ಚಿತ್ರಗಳಿಗೆ ಅಂಟಿಸಬಹುದು. ಇದನ್ನು ಹೀಗೆ ಬರೆದು ನೋಡಿ: ‘ಮೂವರು ಒತ್ತಾಗಿ ಕೂತಿದ್ದಾರೆ, ಆದರೆ ಒಬ್ಬರನ್ನೊಬ್ಬರು ನೋಡುತ್ತಿಲ್ಲ, ನಮ್ಮನ್ನೂ ನೋಡುತ್ತಿಲ್ಲ. ಹಿಂದೆ ಮನೆಯಿಲ್ಲ, ಬಾಗಿಲಿಲ್ಲ, ಬರೀ ಬಣ್ಣ. ಎಲ್ಲಿಗೋ ಕರೆ ಬರುವುದನ್ನು ಕಾಯುತ್ತಿರುವಂತೆ, ಆ ಕರೆಗೆ ಇಲ್ಲವೆನ್ನುವ ಅವಕಾಶ ಅವರಿಗಿಲ್ಲದಂತೆ ನನಗೆ ಕಂಡಿತು.’ ಇದರಲ್ಲಿ ‘ನೋವು’ ಎಂಬ ಪದವೇ ಇಲ್ಲ. ಇನ್ನೊಬ್ಬರು ಅದೇ ಚಿತ್ರ ನೋಡಿ ‘ಅಲ್ಲ, ನನಗೆ ಅದು ಅಕ್ಕತಂಗಿಯರ ನಡುವಿನ ಮೌನವೆನಿಸಿತು’ ಎನ್ನಬಹುದು, ಮಾತು ಮುಂದುವರಿಯುತ್ತದೆ. ನೂರು ಚಿತ್ರಕ್ಕೆ ಅಂಟುವ ವಾಕ್ಯಕ್ಕೆ ಯಾರೂ ಉತ್ತರ ಕೊಡಲಾರರು.

ಬರೆದದ್ದನ್ನು ಹಂಚಿಕೊಳ್ಳುವಾಗ ಕಲಾವಿದರ ಹೆಸರು, ಕೃತಿಯ ಶೀರ್ಷಿಕೆ ಕಡ್ಡಾಯವಾಗಿ ಹಾಕಿ. ಬದುಕಿರುವ ಕಲಾವಿದರ ಕೃತಿಯ ಫೋಟೋ ಹಾಕುವ ಮೊದಲು ಅನುಮತಿ ಕೇಳಿ. ಚಿತ್ರವನ್ನು ಅಂಚು ಕತ್ತರಿಸಿ ಹಾಕಬೇಡಿ. ಅಂಚು ಎಲ್ಲಿ ಮುಗಿಯಬೇಕೆಂದು ನಿರ್ಧರಿಸಿದವರು ಅವರು.

ಪದ್ಯ ಬರೆಯುವವರು ಪದ್ಯದಲ್ಲೂ ಸ್ಪಂದಿಸಬಹುದು, ಚಿತ್ರದೊಳಗಿನ ಒಬ್ಬರ ದನಿಯಲ್ಲಿ ಒಂದು ಪತ್ರ ಬರೆಯಬಹುದು. ಯಾವ ರೂಪವಾದರೂ ಕಂಡದ್ದರ ಒಂದು ನಿಖರ ವಿವರ ಅದರಲ್ಲಿ ಉಳಿಯಬೇಕು.

ಪ್ರದರ್ಶನ ಮುಗಿಯುವ ಮೊದಲು ಸಾಧ್ಯವಾದರೆ ಇನ್ನೊಮ್ಮೆ ಹೋಗಿ. ಈ ಸಲ ಬರೆದ ಪುಟ ಕೈಯಲ್ಲಿರಲಿ. ಅದೇ ಕೃತಿಯ ಮುಂದೆ ನಿಂತು ಒಂದೊಂದೇ ವಾಕ್ಯವನ್ನು ಚಿತ್ರದ ಜೊತೆ ತಾ‍ಳೆ ನೋಡಿ. ನೀಲಿ ಎಂದು ಬರೆದದ್ದು ನಿಜಕ್ಕೂ ನೀಲಿಯೇ? ಆ ಮುಖ ಎಡಕ್ಕೆ ತಿರುಗಿತ್ತೇ, ಬಲಕ್ಕೇ? ನೆನಪು ಒಂದಿಷ್ಟನ್ನು ತಾನೇ ಸೇರಿಸಿರುತ್ತದೆ. ತಪ್ಪಿದ್ದನ್ನು ತಿದ್ದಿ, ಮೊದಲ ದಿನ ಬರೆದಿಟ್ಟ ಆ ಒಂದು ಪದದ ಪಕ್ಕದಲ್ಲಿ ಇವತ್ತಿನ ಪದವನ್ನೂ ಬರೆಯಿರಿ, ಆಮೇಲೆ ಮೊದಲ ಸುತ್ತಿನಲ್ಲಿ ದಾಟಿ ಹೋಗಿದ್ದ ಮೂರನೆಯ ಕೃತಿಯ ಕಡೆಗೆ ನಡೆಯಿರಿ.